ಸಹಿ ಬೀಳದ ಸಾಲು

ಎಡಚಾ,

ಹನ್ನೊಂದು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ನೀನು ತೀರಿಕೊಂಡೇ ಎರಡು ವರ್ಷ ನಾಲ್ಕು ತಿಂಗಳಾಯಿತು. ಬದುಕಿದ್ದಾಗ ಒಂದು ಸಾಲು ಬರೆಯದವನು ಈಗ ಹಾಳೆಗಟ್ಟಲೆ ಬರೆಯಲು ಕೂತಿದ್ದಾನಲ್ಲ ಎಂದು ನಗಬೇಡ. ನಕ್ಕರೂ ನಕ್ಕುಬಿಡು. ನಿನ್ನ ನಗು ಕಿವಿಗೆ ಬಿದ್ದರೂ ಈಗ ನನಗೆ ಅಂಥ ಆಶ್ಚರ್ಯವೇನೂ ಆಗಲಿಕ್ಕಿಲ್ಲ. ಹೋದ ತಿಂಗಳು ನಡೆದದ್ದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದರೆ, ವಿಮಾನ ರಿಪೇರಿ ಮಾಡಿ ಮಾಡಿ ಇವನ ತಲೆಯ ನಟ್ಟೇ ಸಡಿಲವಾಗಿದೆ ಎಂದಾರು. ನಿನಗೆ ಹೇಳಲು ಏನು ಅಂಜಿಕೆ? ನೀನು ಅಲ್ಲೇ ಇದ್ದೆಯಲ್ಲ.

ಗುಬ್ಬಿ ಪೈಲಟ್ ಆಗಿದ್ದಾಳೆ ಕಣೋ. ನಿನ್ನ ಹೆಗಲ ಮೇಲೆ ಕೂತು ರೆಕ್ಕೆಯ ರಿವೆಟ್‌ಗಳನ್ನು ಎಣಿಸುತ್ತಿದ್ದ ಅದೇ ನನ್ನ ಮಗಳು. ವಿಮಾನ ಬಾಡಿಗೆಗೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ಪ್ರೊಪೆಲ್ಲರ್ ವಿಮಾನ ಹಾರಿಸುತ್ತಾಳೆ. ಆ ಕಂಪನಿಯ ಯಜಮಾನರಿಗೆ ಒಂದು ಜೆಟ್ ಕೊಳ್ಳಬೇಕೆಂಬ ಆಸೆ ಬಹಳ ದಿನದ್ದು. ಹೊಸದು ಕೈಗೆಟುಕುವ ಮಾತಲ್ಲ. ಕೊನೆಗೆ ಒಬ್ಬ ದಲ್ಲಾಳಿ ಸುದ್ದಿ ತಂದ: ಇಪ್ಪತ್ತೊಂಬತ್ತು ವರ್ಷ ಹಳೆಯದು, ಆರು ಸೀಟು, ಬಾಲದ ಬಳಿ ಎರಡು ಎಂಜಿನ್ನು. ಮಾಲೀಕರು ತೀರಿಹೋಗಿದ್ದಾರೆ, ಮಕ್ಕಳಿಗೆ ಅದು ಬೇಡ. ಕೊಳ್ಳುವ ಮುಂಚೆ ತಪಾಸಣೆ ಮಾಡಿಕೊಡಿ ಎಂದು ಯಜಮಾನರು ನನ್ನನ್ನೇ ಕೇಳಿದರು. ಕೊಂಡರೆ ಅದರ ಮೊದಲ ಕ್ಯಾಪ್ಟನ್ ಗುಬ್ಬಿ. "ಅಪ್ಪಾ, ಅತ್ತೆ ಸೊಸೇಲಿ ತಪ್ಪು ಹುಡುಕೋ ಹಾಗೆ ಹುಡುಕ್ತಾ ಕೂರಬೇಡ. ನಂಗೆ ಆ ವಿಮಾನ ಬೇಕು" ಎಂದಿದ್ದಳು.

ಊರಾಚೆಯ ಚಿಕ್ಕ ವಿಮಾನ ನಿಲ್ದಾಣ. ವಿಮಾನ ನಿಲ್ಲಿಸುವ ಶೆಡ್ಡುಗಳ ಸಾಲಿನಲ್ಲಿ ಕೊನೆಯ ಹ್ಯಾಂಗರ್. ನಡುಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ಬೀಗ ತುಕ್ಕು ಹಿಡಿದಿತ್ತು; ದಲ್ಲಾಳಿ ಅದಕ್ಕೆ ಎಣ್ಣೆ ಬಿಟ್ಟು, ಬೈದು, ಒದ್ದು, ಕಾಲು ಗಂಟೆ ಗುದ್ದಾಡಿದ ಮೇಲೆ ತೆರೆದುಕೊಂಡಿತು. ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಧೂಳು. ನಾವು ಒಳಗೆ ಹೋದರೆ ನಮ್ಮ ಹೆಜ್ಜೆಗಳು ಮಾತ್ರ ಮೂಡಿದವು, ಬೇರೆ ಯಾರದ್ದೂ ಇರಲಿಲ್ಲ. ಆದರೆ ವಿಮಾನದ ಮೈ ಮಾತ್ರ ಆಗ ತಾನೇ ಒರೆಸಿಟ್ಟಂತೆ ಇತ್ತು. ರೆಕ್ಕೆಯ ಮೇಲೆ ಬೆರಳಾಡಿಸಿ ನೋಡಿದೆ. ಬೆರಳಿಗೆ ಧೂಳು ಹತ್ತಲಿಲ್ಲ. ತಗಡಿನ ಸೂರಿನಿಂದ ಗಾಳಿ ಬಂದಿರಬೇಕು ಎಂದುಕೊಂಡೆ. ಮನುಷ್ಯ ಮೊದಲು ಇಂಥದ್ದೇ ಏನಾದರೂ ಅಂದುಕೊಳ್ಳುತ್ತಾನೆ.

ಗೋಡೆಬದಿಯ ಮೇಜಿನ ಮೇಲೆ ವಿಮಾನದ ದಾಖಲೆ ಪುಸ್ತಕಗಳಿದ್ದವು. ಕೂತು ಮೇಲಿನದನ್ನು ತೆರೆದೆ. ತೆರೆದವನ ಕೈ ಹಾಗೇ ನಿಂತಿತು. ಹಕ್ಕಿ ಹೆಜ್ಜೆಯಿಟ್ಟಂಥ, ಎಡಕ್ಕೆ ವಾಲಿದ ಅಕ್ಷರ. ಪ್ರತಿ ಸಾಲಿನ ಮೇಲೂ ಹಸಿ ಶಾಯಿಯನ್ನು ಅಂಗೈ ಅಂಚು ಎಳೆದುಕೊಂಡು ಹೋದ ನೀಲಿ ಮಬ್ಬು. ಎಡಗೈಯಲ್ಲಿ ಬರೆಯುವ ಮೆಕ್ಯಾನಿಕ್ಕು ನನಗೆ ಗೊತ್ತಿದ್ದವನು ಒಬ್ಬನೇ. ನಮ್ಮನ್ನು ಬಿಟ್ಟುಹೋದವನು ಎಲ್ಲಿ ಹೋದ, ಯಾವ ವಿಮಾನ ನೋಡಿಕೊಂಡ ಎಂದು ನಾನು ಯಾವತ್ತೂ ವಿಚಾರಿಸಿರಲಿಲ್ಲ. ನೀನು ಬಂದು ಸೇರಿದ್ದು ಇಲ್ಲಿಗೆ, ಈ ಒಂದು ವಿಮಾನವನ್ನು ನೋಡಿಕೊಳ್ಳಲು.

ಹನ್ನೊಂದು ವರ್ಷದ ಹಿಂದೆ, ನಾವಿಬ್ಬರೂ ಒಂದೇ ಕಡೆ ಕೆಲಸಕ್ಕಿದ್ದಾಗಿನ ಆ ದಿನ ನಿನಗೆ ನೆನಪಿದೆ, ನನಗೂ ಇದೆ. ಚಕ್ರದ ಕಾಲನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯಲ್ಲಿ ಕೂದಲೆಳೆಯ ಬಿರುಕು ಕಂಡು ನೀನು, ಹಾರಬಹುದು ಎಂದು ಸಹಿ ಹಾಕಲಾರೆ ಎಂದೆ. ಮ್ಯಾನೇಜರ್ ನನ್ನ ಕಡೆ ತಿರುಗಿದರು. ನಾನು ಪೆನ್ನು ತೆಗೆದೆ. ವಿಮಾನ ಹೋಯಿತು, ಸುಖವಾಗಿ ಬಂತು. ಬಾರದಿದ್ದರೆ ನಾನು ಅಪರಾಧಿಯಾಗುತ್ತಿದ್ದೆ; ಬಂದದ್ದರಿಂದ ನೀನು ನಗೆಪಾಟಲಾದೆ. ಒಂದು ವಾರ ಕ್ಯಾಂಟೀನಿನಲ್ಲಿ ನಿನ್ನನ್ನು ಅಣಕಿಸಿದವರ ಜೊತೆ ನಾನೂ ನಕ್ಕೆ. "ಏನೂ ಆಗ್ಲಿಲ್ವಲ್ಲೋ" ಅಂದೆ. ನೀನು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿಕೊಳ್ಳುತ್ತಾ, "ಆಗದೆ ಇದ್ದದ್ದು ನಿನ್ನ ಜಾಣತನ ಅಲ್ಲ ಗಡಿಬಿಡಿ, ಅದು ವಿಮಾನದ ಕರುಣೆ" ಅಂದೆ. ಅಷ್ಟೇ. ನನ್ನ ಹೆಸರು ಬಿಟ್ಟು ಗಡಿಬಿಡಿ ಅಂತಲೇ ಕರೆಯುತ್ತಿದ್ದವನು ಅಂದೂ ಹಾಗೇ ಕರೆದು ಕೆಲಸ ಬಿಟ್ಟು ಹೋದೆ. ನಿನ್ನ ಸಾವಿನ ಸುದ್ದಿ ಮೂರನೇ ದಿನಕ್ಕೆ ನನಗೆ ಮುಟ್ಟಿತು. ನಾನು ಬರಲಿಲ್ಲ. ಕೆಲಸವಿತ್ತು ಎಂದು ಹೆಂಡತಿಗೆ ಹೇಳಿದೆ. ಕೆಲಸ ಇರಲಿಲ್ಲ.

ಪುಸ್ತಕದ ಕೊನೆಯ ಹಾಳೆಗೆ ಬಂದೆ. ಕೊನೆಯ ಮೂರು ಸಾಲುಗಳು ನಿನ್ನ ಕೈಬರಹದಲ್ಲೇ ಇದ್ದವು. ಮೊದಲನೆಯದು: "ಎಂಜಿನ್ನಿಗೆ ಹೊದಿಕೆ ಕಟ್ಟಿದೆ." ಎರಡನೆಯದು: "ಬಲ ಎಂಜಿನ್ನಿನ ಹೊದಿಕೆ ಹರಿದು ಬಾಯಲ್ಲಿ ಹಕ್ಕಿ ಗೂಡು. ಮರಿಗಳು ಹಾರಿದ ಮೇಲೆ ತೆಗೆದೆ." ಇದನ್ನು ಓದಿ ಒಬ್ಬನೇ ನಕ್ಕೆ, ಗೂಡು ತೆಗೆಯುವ ಮುಂಚೆ ಮರಿಗಳ ರೆಕ್ಕೆ ಬಲಿಯುವವರೆಗೆ ಕಾಯುವವನು ನೀನಲ್ಲದೆ ಇನ್ಯಾರು? ನಗುತ್ತಲೇ ತಾರೀಖಿನ ಮೇಲೆ ಕಣ್ಣು ಹೋಯಿತು. ಮೊದಲ ಸಾಲು ನಿನ್ನ ಸಾವಿನ ಐದು ವಾರದ ನಂತರದ್ದು. ಎರಡನೆಯದು ಹನ್ನೊಂದು ತಿಂಗಳ ನಂತರದ್ದು. ಮೂರನೆಯದು ನಾನು ಬರುವುದಕ್ಕೆ ಇಪ್ಪತ್ತು ದಿನ ಮುಂಚಿನದು: "ಚಕ್ರಗಳಿಗೆ ಗಾಳಿ ತುಂಬಿದೆ. ಕ್ಯಾಬಿನ್ನಿನ ಹಿಂಗೋಡೆ, ಕೆಳಗೆ ಎಡಗಡೆ, ಸಂಶಯ. ಬಿಚ್ಚಿ ನೋಡಬೇಕು. ಅಲ್ಲಿಯವರೆಗೆ ಒಳಗೆ ಗಾಳಿಯ ಒತ್ತಡ ಕೊಡಕೂಡದು." ಮೊದಲೆರಡಕ್ಕೆ ನಿನ್ನ ಸಹಿ ಇತ್ತು. ಮೂರನೆಯದರ ಎದುರು ಜಾಗ ಖಾಲಿ. ಕೆಲಸ ಮುಗಿಯದೆ ನೀನು ಯಾವತ್ತು ಸಹಿ ಹಾಕಿದ್ದೆ?

ದಲ್ಲಾಳಿಯದೇ ಕೈವಾಡ ಎಂದು ನನಗೆ ಸಿಟ್ಟು ಬಂತು. ಪುಸ್ತಕವನ್ನು ಅವನ ಮುಖಕ್ಕೆ ಹಿಡಿದು, "ಇದನ್ನ ಬರೆದೋರು ಯಾರ್ರೀ?" ಎಂದೆ. ಅವನು ಓದಿದ. ಅವನ ಮುಖದ ಬಣ್ಣ ಹೋಯಿತು. "ಸಾರ್, ಬೀಗದ ಕೈ ನನ್ನ ಹತ್ರಾನೇ ಇರೋದು. ನೀವೇ ನೋಡಿದ್ರಲ್ಲ, ಬೀಗ ತೆಗೆಯೋಕೆ ಎಷ್ಟು ಕಷ್ಟ ಆಯ್ತು. ಎರಡು ವರ್ಷದಿಂದ ಇಲ್ಲಿಗೆ ನರಪಿಳ್ಳೆ ಬಂದಿಲ್ಲ. ಅಲ್ಲದೆ ಮಾರೋನು ನಾನು. ನನ್ನ ಮಾಲಿನ ಮೇಲೆ ನಾನೇ ಸಂಶಯ ಅಂತ ಬರ್ಕೋತೀನಾ?" ನಾನು ಬಗ್ಗಿ ಚಕ್ರಗಳ ಗಾಳಿ ಅಳೆದೆ. ಎರಡು ವರ್ಷ ನಿಂತ ವಿಮಾನದ ಟೈರು ಕುಸಿದಿರಬೇಕು. ಮೂರಕ್ಕೆ ಮೂರೂ ಅಳತೆಗೆ ಸರಿಯಾಗಿದ್ದವು, ಮುಳ್ಳು ಒಂದು ಗೆರೆಯೂ ಆಚೀಚೆ ಇಲ್ಲ. ಮೂರನ್ನೂ ಇನ್ನೊಮ್ಮೆ ಅಳೆದು ಮೀಟರನ್ನು ಜೇಬಿಗೆ ಹಾಕಿಕೊಂಡೆ.

ಇಷ್ಟಾದ ಮೇಲೆ ಬುದ್ಧಿ ಇರುವವನು ಏನು ಮಾಡುತ್ತಿದ್ದ? ನಾನು ಮಾಡಿದ್ದನ್ನು ಕೇಳು. ಕ್ಯಾಬಿನ್ನಿನ ಗಾಳಿಯನ್ನು ತಡೆದಿಡುವ ಆ ಹಿಂಗೋಡೆ ನೋಡಬೇಕಾದರೆ ಶೌಚಾಲಯ, ಸಾಮಾನಿನ ಕಪಾಟು ಎಲ್ಲ ಕಳಚಬೇಕು. ಎರಡು ದಿನದ ಕೆಲಸ. ಯಜಮಾನರಿಗೆ ಫೋನ್ ಮಾಡಿದೆ. "ಯಾರೋ ತಮಾಷೆಗೆ ಗೀಚಿದಾರೆ ಬಿಡಿ. ಒಳಗೆ ಗಾಳಿ ತುಂಬಿಸಿ ನೋಡಿ, ಸೋರದಿದ್ರೆ ಸಾಕು. ಸೋಮವಾರಕ್ಕೆ ಒಬ್ಬ ರೋಗೀನ ಕರ್ಕೊಂಡು ಹೋಗೋಕೆ ಒಪ್ಕೊಂಡಿದೀನಿ" ಎಂದರು. ಮರುದಿನ ಬೆಳಗ್ಗೆ ಗುಬ್ಬಿಯೂ ಬಂದಳು. ಕಾಕ್‌ಪಿಟ್‌ನಲ್ಲಿ ಕೂತು ಒಂದೊಂದು ಗುಂಡಿಯನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆ ಮುಖ ನೋಡಿ ನನ್ನೊಳಗಿನ ಗಡಿಬಿಡಿ ಎದ್ದು ಕೂತ. ಕಡಿಮೆ ಒತ್ತಡ ಕೊಟ್ಟರೆ ಏನಾದೀತು, ಸತ್ತವರ ಮಾತು ಕೇಳಿ ಬದುಕಿರುವವರ ಅನ್ನ ಕೆಡಿಸಲೇ ಎಂದುಕೊಂಡೆ. ಗಾಳಿ ಕೊಡುವ ಯಂತ್ರದ ಕೊಳವೆ ಜೋಡಿಸಿದೆ. ಮುಳ್ಳು ಎಷ್ಟು ಏರಿತು ಎಂದು ಒಳಗಿನಿಂದ ಕೂಗಿ ಹೇಳಲು ಗುಬ್ಬಿ ಒತ್ತಡದ ಮೀಟರು ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು, ಹಿಂಗೋಡೆಯ ಕಡೆಗೆ ಬೆನ್ನು ಮಾಡಿ. ಬಾಗಿಲು ಮುಚ್ಚಿದೆ. ಗಾಳಿ ಬಿಡುವ ತಿರುಪಿನ ಮೇಲೆ ಕೈಯಿಟ್ಟೆ.

ಆಗ ಬಾಲದ ಒಳಗಿನಿಂದ ಬಡಿದ ಸದ್ದು ಬಂತು. ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು, ಟಕ್.

ಲೋಕದಲ್ಲಿ ಆ ಸದ್ದಿನ ಅರ್ಥ ಇಬ್ಬರಿಗೇ ಗೊತ್ತು. ನಮ್ಮಲ್ಲಿ ಒಬ್ಬ ಬಾಲದೊಳಗೆ ತೆವಳಿಕೊಂಡು ಹೋದಾಗ ಹೊರಗಿರುವವನಿಗೆ ಸ್ಪ್ಯಾನರಿನಿಂದ ಬಡಿದು ಹೇಳುತ್ತಿದ್ದದ್ದು: ನಾನು ಒಳಗಿದ್ದೇನೆ, ಏನನ್ನೂ ಶುರು ಮಾಡಬೇಡ. ನನ್ನ ಕೈ ತಾನಾಗಿ ತಿರುಪನ್ನು ಬಿಟ್ಟಿತು. ಬಾಗಿಲು ತೆಗೆದು, "ನೀನು ಬಡಿದ್ಯಾ?" ಎಂದೆ. ಗುಬ್ಬಿ ಎದ್ದು ನಿಂತಿದ್ದಳು. "ನಾನಲ್ಲ ಅಪ್ಪಾ. ನನ್ನ ಬೆನ್ನ ಹಿಂದಿನಿಂದ ಬಂತು. ಒಳಗೆ ಯಾರಿದಾರೆ?" ಕೈ ಹಿಡಿದು ಕೆಳಗಿಳಿಸಿಕೊಂಡೆ. ಅವಳ ಕೈ ಹಿಮದಷ್ಟು ತಣ್ಣಗಿತ್ತು. ನನ್ನದೂ ಹಾಗೇ ಇತ್ತು ಎಂದು ಆಮೇಲೆ ಅವಳು ಹೇಳಿದಳು.

ಯಾರನ್ನೂ ಕೇಳಲು ಹೋಗಲಿಲ್ಲ. ಎರಡು ದಿನ ಕಳಚಿದೆ, ನಿನ್ನ ಹಾಗೆ, ಒಂದೊಂದು ಸ್ಕ್ರೂವನ್ನೂ ಡಬ್ಬಿಯಲ್ಲಿಟ್ಟು, ಮೇಲೆ ಚೀಟಿ ಅಂಟಿಸಿ. ಹಿಂಗೋಡೆ ಕಂಡಿತು. ಶೌಚಾಲಯದ ನೀರು ವರ್ಷಗಟ್ಟಲೆ ಹನಿಹನಿಯಾಗಿ ಸೋರಿ ಲೋಹವನ್ನು ತಿಂದಿತ್ತು. ಕೆಳಗೆ, ಎಡಗಡೆ, ಒಂದು ಗೇಣು ಉದ್ದದ ಬಿರುಕು. ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿ ಉದುರಿತು. ನಾನು ಆ ತಿರುಪು ತಿರುಗಿಸಿದ್ದರೆ ಒಡೆಯುತ್ತಿದ್ದದ್ದು ಅಲ್ಲೇ, ನನ್ನ ಮಗಳ ಬೆನ್ನಿಗೆ. ಟಾರ್ಚು ಹಿಡಿದು ಬಾಲದೊಳಗೂ ತಲೆ ಹಾಕಿದೆ. ಒಳಗೆಲ್ಲ ಹಳೆಯ ಧೂಳು ಹೆಪ್ಪುಗಟ್ಟಿತ್ತು. ಅದರ ಮೇಲೆ ಒಂದೇ ಒಂದು ಬೆರಳಿನ ಗುರುತೂ ಇರಲಿಲ್ಲ. ನೀನು ಅಲ್ಲಿಗೆ ಹೋಗಿಯೇ ಇರಲಿಲ್ಲ. ಅಥವಾ ಹೋದಲ್ಲಿ ಗುರುತು ಬಿಡುವ ಕಾಲ ನಿನಗೆ ಮುಗಿದಿತ್ತು.

ಯಜಮಾನರು ಖುದ್ದಾಗಿ ಬಂದರು. ಬಿರುಕನ್ನು ನೋಡಿದರು, ನನ್ನನ್ನೂ ನೋಡಿದರು. "ಮೇಲೊಂದು ತೇಪೆ ಹಾಕಿ. ವರದಿಯಲ್ಲಿ ಸಣ್ಣ ದೋಷ ಅಂತ ಬರೀರಿ. ನಿಮ್ಮ ಮಗಳ ಭವಿಷ್ಯ ಇದು" ಎಂದರು. ಹನ್ನೊಂದು ವರ್ಷದ ಹಿಂದಿನ ಮ್ಯಾನೇಜರರ ದನಿಯೇ ಬಾಯಿ ಬದಲಿಸಿ ಬಂದ ಹಾಗಿತ್ತು. ನಾನು ಆಗಲ್ಲ ಎಂದೆ. ಹೆದರುತ್ತಲೇ ಅಂದೆ, ಧೀರನ ಹಾಗೇನೂ ಅಲ್ಲ. ನೀವು ಬಿಟ್ಟರೆ ಬೇರೆಯವರು ಸಹಿ ಹಾಕುತ್ತಾರೆ ಎಂದು ಅವರು ಗದರಿದರು. ಆಗ ಗುಬ್ಬಿ, "ಯಾರು ಸಹಿ ಹಾಕಿದ್ರೂ ಸರಿ ಸರ್, ನಾನು ಹತ್ತಲ್ಲ" ಎಂದಳು. ಹೇಳಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ವ್ಯಾಪಾರ ಮುರಿಯಿತು. ಈಗ ಎಂಜಿನ್ನುಗಳನ್ನು ಬಿಚ್ಚಿ ಮಾರಿದ್ದಾರೆ, ಉಳಿದ ಮೈಯನ್ನು ಗುಜರಿಗೆ ಕೊಡುತ್ತಾರಂತೆ. ಗುಬ್ಬಿ ಹಳೆಯ ಪ್ರೊಪೆಲ್ಲರ್ ವಿಮಾನಕ್ಕೇ ಮರಳಿದ್ದಾಳೆ. ಯಜಮಾನರು ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತಾರೆ.

ಹ್ಯಾಂಗರ್ ಬಿಡುವ ಮುಂಚೆ ಪುಸ್ತಕ ತೆರೆದು ನಿನ್ನ ಮೂರನೇ ಸಾಲಿನ ಕೆಳಗೆ ಬರೆದೆ: "ಬಿಚ್ಚಿ ನೋಡಲಾಯಿತು. ಸಂಶಯ ನಿಜ. ಈ ವಿಮಾನ ಹಾರಬಾರದು." ಖಾಲಿ ಬಿಟ್ಟ ಜಾಗದಲ್ಲಿ ಸಹಿ ಹಾಕಿದೆ. ಇಷ್ಟು ವರ್ಷದಲ್ಲಿ ನನಗೆ ನಾಚಿಕೆ ತರಿಸದ ಸಹಿ ಅದೊಂದೇ ಇರಬೇಕು. ಒಳ್ಳೆಯದು ಮಾಡಿದೆ, ನಿನಗೆ ಬಿಡುಗಡೆ ಕೊಟ್ಟೆ ಎಂಬ ಹೆಮ್ಮೆಯಲ್ಲಿ ಒಂದು ದಿನ ಬಿಟ್ಟು ನಿನ್ನ ಮನೆಗೆ ಹೋದೆ.

ಮೂರನೇ ಮಹಡಿಯ ಆ ಎರಡು ಕೋಣೆಯ ಮನೆ. ಅತ್ತಿಗೆ ಬಾಗಿಲು ತೆಗೆದರು. ತಲೆಗೂದಲು ಪೂರ್ತಿ ನರೆತಿದೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಲಿಲ್ಲ. ಬನ್ನಿ ಎಂದು ಕೂರಿಸಿ, ಚಹ ತಂದಿಟ್ಟು, ಎದುರು ಕೂತು, ಮೆಲ್ಲಗೆ ಒಂದೇ ಮಾತು ಕೇಳಿದರು: "ಮೊನ್ನೆ ಅವರ ವಿಮಾನದ ಹತ್ರ ಏನಾದ್ರೂ ಆಯ್ತಾ?"

ಲೋಟ ಕೆಳಗಿಟ್ಟೆ. ಯಾಕೆ ಎಂದೆ.

"ಅವರು ಹೋದ ಮೇಲೂ ದಿನಾ ಬೆಳಗ್ಗೆ ಆರಕ್ಕೆ ಈ ಚಿಲಕ ಸರಿದ ಸದ್ದು ಆಗ್ತಿತ್ತು. ಕೆಲಸಕ್ಕೆ ಹೊರಟಾಗ ಆಗೋ ಹಾಗೇ. ಸಂಜೆ ಇನ್ನೊಂದು ಸಲ. ಭಾನುವಾರ ಮಾತ್ರ ಇಲ್ಲ. ಮೊದಮೊದಲು ಹೆದರ್ತಿದ್ದೆ. ಆಮೇಲೆ ಅಭ್ಯಾಸ ಆಯ್ತು. ಆರು ಗಂಟೆಗೆ ಎದ್ದು ಕೂತ್ಕೊಂಡು, ಹೋಗಿ ಬನ್ನಿ ಅಂತಿದ್ದೆ. ಮೊನ್ನೆ ಸಂಜೆಯಿಂದ ಸದ್ದಿಲ್ಲ." ಚಿಲಕದ ಕಡೆ ನೋಡಿದರು. "ಇವಾಗ ನಿಜವಾಗಿ ಹೋದ್ರು ಅಲ್ವಾ?"

ಹೇಳಿದೆ. ಪುಸ್ತಕ, ಟೈರು, ಬಡಿತ, ಬಿರುಕು, ಸಹಿ, ಎಲ್ಲ. ಬಿರುಕಿನ ಮಾತು ಬಂದಾಗ ಅವರ ಮುಖದಲ್ಲಿ ಒಂದು ಗಳಿಗೆ ಹೆಮ್ಮೆ ಹೊಳೆಯಿತು. ಸಹಿಯ ಮಾತಿಗೆ ಸೆರಗು ಬಾಯಿಗೆ ಹೋಯಿತು. ನೀನು ಹೋದಂದಿನಿಂದ ಅವರು ಒಮ್ಮೆಯೂ ಅತ್ತಿರಲಿಲ್ಲವಂತೆ. ಅವತ್ತು ಅತ್ತರು. ನಾನು ನಿನಗೆ ಬಿಡುಗಡೆ ಕೊಟ್ಟೆ ಎಂದುಕೊಂಡು ಬಂದಿದ್ದೆ. ಆ ಹೆಂಗಸಿನ ಕೊನೆಯ ಆಸರೆಯನ್ನು ಕಿತ್ತುಕೊಂಡು ಎದುರಿಗೆ ಕೂತಿದ್ದೆ. ನಾನು ಕ್ಷಮೆ ಕೇಳಿದೆ. ಅವರು ಕಣ್ಣೊರೆಸಿಕೊಂಡು, "ಅವರು ಕೈಯಿಟ್ಟ ಕೆಲಸ ಇನ್ನೆಲ್ಲಾದ್ರೂ ಬಾಕಿ ಉಳಿದಿದೆಯಾ? ನಿಮಗೆ ಗೊತ್ತಿರುತ್ತಲ್ಲ" ಎಂದು ಕೇಳಿದರು. ಆ ಕಣ್ಣುಗಳನ್ನು ನಾನು ನೋಡಲಾರದೆ ಹೋದೆ. "ಇಲ್ಲ ಅತ್ತಿಗೆ. ಎಲ್ಲ ಮುಗಿಸಿದಾನೆ" ಎಂದೆ.

ಹೊರಡುವಾಗ ಮೆಟ್ಟಿಲ ಬಳಿ ತಿರುಗಿ, "ಚಿಲಕ ಹಾಕ್ಕೊಳ್ಳಿ" ಎಂದೆ. ಅವರು ಬಾಗಿಲಿಗೆ ಒರಗಿ ನಿಂತಿದ್ದರು. "ಇರ್ಲಿ ಬಿಡಿ" ಎಂದರು.

ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಕೆಲವು ಸಲ ಗುಬ್ಬಿಯೂ ಬರುತ್ತಾಳೆ. ಬಾಗಿಲು ಒಮ್ಮೆಯೂ ಚಿಲಕ ಹಾಕಿದ್ದು ಕಂಡಿಲ್ಲ. ಎಡಚಾ, ಹಿಂತಿರುಗಿ ಬಾ ಎಂದು ಕರೆಯುವ ಹಕ್ಕು ನನಗಿಲ್ಲ, ಬರಬೇಡ ಎನ್ನುವ ಧೈರ್ಯವೂ ಇಲ್ಲ. ಒಂದೇ ಒಂದು ಬೇಡಿಕೆ. ಕೆಲಸವಿಲ್ಲದೆ ಬರುವವನು ನೀನಲ್ಲ, ಗೊತ್ತು. ಆದರೂ ಯಾವತ್ತಾದರೂ ಒಂದು ಬೆಳಗ್ಗೆ, ಕೆಲಸವಿಲ್ಲದೆ, ಸುಮ್ಮನೆ, ಅವರಿಗಾಗಿ.

ಅಲ್ಲಿಯವರೆಗೆ ನಿನ್ನ ಎರಡೂ ಕೈಗಳಿಗೆ ತಂಪಾದ ಬಿಡುವು ಸಿಗಲಿ.

ನಿನ್ನ ಮಾತನ್ನು ತಡವಾಗಿ ಕೇಳಿಸಿಕೊಂಡವನು,
ಗಡಿಬಿಡಿ