ಮೈಕಿನಲ್ಲಿ ಆಡಿದ ಮಾತು

15 ಜೂನ್, ಭಾನುವಾರ, ಸಂಜೆ

ನಮ್ಮ ಚರ್ಚಿನ ಸಭೆಯ ವಾರ್ಷಿಕೋತ್ಸವ ಮುಗಿಯಿತು. ಜೊತೆಗೆ ನಾನೂ. ಸಭಾಹಿರಿಯ ಅಂದರೆ ದೊಡ್ಡ ಹೆಸರು. ಇಂದು ಮಾಡಿದ ಕೆಲಸ — ಶಾಮಿಯಾನದ ಗೂಟ ಹೊಡೆದದ್ದು, ಕೈಕೊಟ್ಟ ಮೋಟಾರಿಗೆ ಮೆಕ್ಯಾನಿಕ್ ಹುಡುಕಿದ್ದು, ಬಿರಿಯಾನಿಯಲ್ಲಿ ಪೀಸ್ ಇಲ್ಲ ಎಂದವರಿಗೆ ಸಮಾಧಾನ ಹೇಳಿದ್ದು. ನಮ್ಮ ಕಮಿಟಿಗೆ ಒಂಬತ್ತು ಬಾಯಿ, ಎರಡು ಕೈ. ಎರಡೂ ನನ್ನವೇ.

ಆರಾಧನೆ ಎಂಟೂವರೆಗೆ. ಅರ್ಧ ಸಭೆ ಬರುವುದು ಪಾಸ್ಟರ್ ಅಯ್ಯನವರ ಪ್ರಸಂಗ ಮುಗಿಯುವಾಗ. ಆಮೇಲಿನ ಪ್ರೀತಿ ಭೋಜನದ ಊಟದ ಸಾಲಿಗೆ ಮಾತ್ರ ಎಲ್ಲರೂ ಸಮಯಪಾಲಕರು. ಚಲಪತಿಯ ಹೆಂಡತಿ ಮಮತ ಕೊನೆಯ ಹಾಡಿಗೆ ಒಳಗೆ ಬಂದಳು, ಊಟದ ಸಾಲಿನಲ್ಲಿ ಮೊದಲು ನಿಂತಿದ್ದಳು. ಮೈಕ್ ನನ್ನ ಕೈಯಲ್ಲೇ ಇತ್ತು. ಬಾಯಿಗೆ ಬಂತು —

"ಆರಾಧನೆಗೆ ಲೇಟು, ಊಟಕ್ಕೆ ಫಸ್ಟು ಪ್ಲೇಟು!"

ಶಾಮಿಯಾನ ಹಾರುವಷ್ಟು ನಗು. ಅಯ್ಯನವರೂ ನಕ್ಕರು. ಪ್ರಾಸ ತಾನಾಗಿಯೇ ಕೂತಿತ್ತು.

"ಆ ಹುಡುಗಿ ತಟ್ಟೆ ಹಂಗೇ ಇಟ್ಟು ಹೊರಟೋದ್ಳು ಕಣ್ರೀ" ಎಂದಳು ಕವಿತ, ಮನೆಗೆ ಬಂದ ಮೇಲೆ.

"ಸೆಕೆಗೆ ಇರ್ಬೇಕು."

"ಹೂಂ. ಸೆಕೆಗೆ" ಎಂದಳು. ನನ್ನ ಹೆಂಡತಿ "ಹೂಂ" ಎಂದರೆ ಒಪ್ಪಿದಳೆಂದಲ್ಲ.

22 ಜೂನ್, ಭಾನುವಾರ

ಚಲಪತಿ ಒಬ್ಬನೇ ಬಂದಿದ್ದ. ಕೈಮುಗಿದು ಹಿಂದಿನ ಬೆಂಚಿಗೆ ಹೋದ. ಇರಲಿ, ಎಲ್ಲರ ಮುಖವನ್ನೂ ನಾನೇ ಓದುತ್ತ ಕೂರಲಾಗದು.

ಜುಲೈ ಮೊದಲ ಭಾನುವಾರ ಯುವಜನರಿಗೆ ನಾನು ಮಾತಾಡಬೇಕಂತೆ. ವಿಷಯ: ಒಳ್ಳೆಯ ಕ್ರೈಸ್ತ ನಾಯಕನ ಗುಣಗಳು. ಮುರಳಿಯ ಐಡಿಯಾ. ಅವನು ಕಮಿಟಿಯ ಖಜಾಂಚಿ, ಬೆಂಗಳೂರಿನಲ್ಲಿ ಲೀಡರ್‌ಶಿಪ್ ಸೆಮಿನಾರ್ ಮಾಡಿಕೊಂಡು ಬಂದಾಗಿನಿಂದ ನೆಲದ ಮೇಲೆ ನಡೆಯುತ್ತಿಲ್ಲ. ಸ್ಲೈಡ್‌ಗಳನ್ನೂ ಕಳಿಸಿದ್ದಾನೆ. ಮೊದಲನೆಯದರಲ್ಲಿ ಬಂಡೆಯ ಮೇಲೆ ಸಿಂಹ. ವಾರ್ಷಿಕೋತ್ಸವದ ಸಂಜೆ ಬಿರಿಯಾನಿ ಡಬರಿ ಉಜ್ಜುವಾಗ ಈ ಸಿಂಹ ಎಲ್ಲಿತ್ತೋ.

ಪರದೆಯ ಮೇಲೆ ಸಿಂಹ,
ಪಾತ್ರೆ ತೊಳೆಯಲು ಜಂಭ.

ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ.

29 ಜೂನ್, ಭಾನುವಾರ

ಮಮತ ಇಲ್ಲ. ಇವತ್ತು ಚಲಪತಿಯೂ ಇಲ್ಲ.

3 ಜುಲೈ, ಗುರುವಾರ, ರಾತ್ರಿ ಊಟಕ್ಕೆ ಮುಂಚೆ

ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಕವಿತಳಿಗೆ ಚಲಪತಿಯ ತಾಯಿ ಅಮ್ಮಯಮ್ಮ ಸಿಕ್ಕರಂತೆ. ಮಮತ ಏಪ್ರಿಲ್‌ನಿಂದ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಬೆಳಿಗ್ಗೆ ಎಂಟಕ್ಕೆ ಬಿಡುತ್ತಾರೆ. ಕಂಪನಿ ಬಸ್ಸು ಊರೂರು ಸುತ್ತಿ ಇವಳನ್ನು ಕೊನೆಗೆ ಇಳಿಸುತ್ತದೆ. ಅಂದು ಮನೆಗೂ ಹೋಗದೆ ನೇರ ಸಭೆಗೆ ಬಂದಿದ್ದಳು. ನಡುರಾತ್ರಿ ತಿಂದ ಎರಡು ಇಡ್ಲಿಯ ಮೇಲೆ.

"ನಂಗೇನ್ ಗೊತ್ತಿತ್ತು?" ಎಂದೆ.

"ಗೊತ್ತು ಮಾಡ್ಕೊಳ್ಳೋಕೇ ತಾನೇ ನಿಮ್ಮನ್ನ ಹಿರಿಯರು ಅಂತ ಮಾಡಿರೋದು?"

"ನಂಗೂ ಕೆಲ್ಸ ಇದೆ ಕವಿತ. ಎಷ್ಟು ಮನೆ ಅಂತ ತಿರುಗ್ಲಿ?"

"ನೂರು ಮನೆ ತಿರುಗ್ಬೇಡಿ. ಒಂದು ಮನೆಗೆ ಹೋಗ್ಬನ್ನಿ."

ನೂರರಲ್ಲಿ ತಪ್ಪಿಹೋದ ಒಂದು ಕುರಿ, ಅದನ್ನು ಹುಡುಕಿ ಹೊರಟ ಕುರುಬನ ಪ್ರಸಂಗ ನಾನು ಎಷ್ಟು ಸಲ ಮಾಡಿಲ್ಲ. ಈಗ ಹೆಂಡತಿ ಸಾರಿನ ಸೌಟು ಹಿಡಿದುಕೊಂಡು ಎರಡು ವಾಕ್ಯದಲ್ಲಿ ಮುಗಿಸಿದಳು.

4 ಜುಲೈ, ಶುಕ್ರವಾರ

ಹೋಗಿದ್ದೆ. ಡ್ಯೂಟಿಗೆ ಹೊರಡುವ ಮುಂಚೆ ಮಮತ ತಲೆ ಬಾಚಿಕೊಳ್ಳುತ್ತಿದ್ದಳು. ಚಲಪತಿ ಕುರ್ಚಿ ಹಾಕಿ ತಾನು ಹೊರಗೆ ಹೋದ. ಅಮ್ಮಯಮ್ಮ ಹೋಗಲಿಲ್ಲ.

"ತಪ್ಪಾಯ್ತಮ್ಮ. ತಮಾಷೆಗೆ ಅಂದಿದ್ದು. ಬೇಜಾರ್ ಮಾಡ್ಕೋಬೇಡ."

"ಇಲ್ಲ ಸುನಿಲಣ್ಣ, ಬಿಡಿ."

"ಹಂಗಾದ್ರೆ ಭಾನುವಾರ ಬರ್ತೀಯ ತಾನೇ?"

ಜಡೆ ಹೆಣೆದು ಮುಗಿಸಿದಳು. ಆಮೇಲೆ ಹೇಳಿದಳು — "ಮನೆ ತಂಕ ಬಂದ್ರಲ್ಲ, ಸಂತೋಷ ಅಣ್ಣ. ಆದ್ರೆ ಅವತ್ತು ನಕ್ಕೋರು ಯಾರೂ ಇಲ್ಲಿಲ್ವಲ್ಲ."

"ಅಂದ್ರೆ?"

"ಅಂದ್ರೆ ಏನಪ್ಪಾ ಅಂದ್ರೆ," ಎಂದರು ಅಮ್ಮಯಮ್ಮ, "ಬೈಯೋಕೆ ಮೈಕು, ಸಮಾಧಾನಕ್ಕೆ ನಮ್ಮನೆ ಹಜಾರ. ಕಾಫಿ ಕುಡೀತೀಯಾ?"

ಕುಡಿದೆ. ಸಕ್ಕರೆ ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

5 ಜುಲೈ, ಶನಿವಾರ

ಸಭೆಯ ಮುಂದೆಯೇ ಕ್ಷಮೆ ಕೇಳಲೇ ಎಂದು ಅಯ್ಯನವರಿಗೆ ಫೋನ್ ಮಾಡಿದೆ. ನಾಳೆ ಅವರು ಬೇರೆ ಸಭೆಗೆ, ಇಲ್ಲಿ ಆರಾಧನೆ ನಡೆಸುವವನು ನಾನೇ. "ನಿಮ್ಮ ಮನಸ್ಸಾಕ್ಷಿ ಹೇಳಿದಂತೆ ಮಾಡಿ" ಎಂದರು. ಇಷ್ಟಕ್ಕೆ ಫೋನ್ ಬೇಕಿತ್ತೆ.

ಮುರಳಿ ಸ್ಲೈಡ್ ರೆಡಿಯೇ ಎಂದು ಬಂದ. ಹೇಳಿದೆ.

"ಪ್ರಕಟಣೆ ಟೈಮಲ್ಲಿ ಕ್ಷಮೆ ಕೇಳ್ತೀರಾ? ಮೈಕಲ್ಲಿ? ಬೇಡ ಬ್ರದರ್. ನಾಳೆ ಎಲ್ರೂ ತಲೆ ಮೇಲೆ ಕೂತ್ಕೋತಾರೆ. ನಿಮ್ಮ ಮರ್ಯಾದೆ ಅಲ್ಲ, ಸ್ಥಾನದ ಮರ್ಯಾದೆ ಇದು."

"ಶಿಷ್ಯರ ಕಾಲು ತೊಳೆದೋರದ್ದು ಯಾವ ಸ್ಥಾನ ಮುರಳಿ?"

"ಅವ್ರು ದೇವರ ಮಗ, ಬ್ರದರ್. ನಾವು ಕಮಿಟಿ."

ಇದನ್ನೂ ಒಂದು ಸ್ಲೈಡ್ ಮಾಡಬಹುದಿತ್ತು.

ಅವನ ಮೇಲೆ ಸಿಟ್ಟು. ಮಮತಳ ಮೇಲೂ, ಸುಳ್ಳೇಕೆ. ಹಜಾರದಲ್ಲೇ ಮುಗಿಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚು, ಅವಳು ಹೇಳಿದ್ದು ಸರಿ ಎಂಬುದರ ಮೇಲೆ.

6 ಜುಲೈ, ಭಾನುವಾರ, ಮಧ್ಯಾಹ್ನ

ಪ್ರಕಟಣೆಗಳು. ಸೋಮವಾರ ಪ್ರಾರ್ಥನಾ ಕೂಟ, ಬುಧವಾರ ಸ್ತ್ರೀಯರ ಸಂಘ. ಆಮೇಲೆ ಮೈಕ್ ಬಾಯಿಗೆ ಹತ್ತಿರ ಹಿಡಿದೆ. "ವಾರ್ಷಿಕೋತ್ಸವದ ದಿನ ಇದೇ ಮೈಕಿನಲ್ಲಿ ನಾನು ನಮ್ಮ ಸಭೆಯ ಒಬ್ಬ ತಂಗಿಯನ್ನು..." ಎಂದೆ. ಬಾಗಿಲಲ್ಲಿ ಮಮತ. ಕಂಪನಿಯ ಏಪ್ರನ್ನಿನಲ್ಲೇ, ಕೈಯಲ್ಲಿ ಟಿಫನ್ ಬ್ಯಾಗು. ಸಭೆಯೆಲ್ಲ ತಿರುಗಿ ಅವಳನ್ನೇ ನೋಡಿತು. ಅಯ್ಯೋ, ಮತ್ತೊಮ್ಮೆ ಅದೇ ಮಾಡಿದೆನಲ್ಲ ಎಂದು ನನ್ನ ಮಾತು ನಿಂತುಹೋಯಿತು.

ಮುಂದಿನ ಬೆಂಚಿನಲ್ಲಿ ಮುರಳಿ ಕೈಗಡಿಯಾರ ನೋಡಿಕೊಂಡ.

"ಮುಗ್ಸಿ ಸುನಿಲಣ್ಣ," ಎಂದಳು ಅಲ್ಲಿಂದಲೇ. "ಕೇಳ್ತಾ ಇದೀನಿ."

ಮುಗಿಸಿದೆ. ದುಡಿದು ಹಸಿದು ಬಂದವಳನ್ನು ವಿಚಾರಿಸದೆ ನಗೆಪಾಟಲು ಮಾಡಿದೆ, ತಪ್ಪು ನನ್ನದು ಎಂದೆ. ಹೆಂಗಸರ ಸಾಲಿನಲ್ಲಿ ಕವಿತ ಪಕ್ಕಕ್ಕೆ ಸರಿದಳು. ಮಮತ ಹೋಗಿ ಅಲ್ಲಿ ಕೂತಳು. ಪ್ರಸಂಗ ಶುರುವಾಗುವ ಮುಂಚೆಯೇ ನಿದ್ದೆ ಹೋದಳು, ಬೆಂಚಿನ ಬೆನ್ನಿಗೆ ತಲೆ ಕೊಟ್ಟು. ಎಬ್ಬಿಸಬೇಡಿ ಎಂದು ಕಣ್ಣಲ್ಲೇ ಹೇಳಿದೆ.

ಯುವಜನರಿಗೆ ಸ್ಲೈಡ್ ಹಾಕಲಿಲ್ಲ. ಅವರನ್ನೇ ಕೇಳಿದೆ, ನೈಟ್ ಶಿಫ್ಟಿನವರು ಎಷ್ಟು ಮಂದಿ. ಎದ್ದ ಕೈಗಳನ್ನು ನೋಡಿ ನಾಚಿಕೆಯಾಯಿತು. ಎಂಟೂವರೆ ಎಂದು ಯಾರು ಗೊತ್ತುಮಾಡಿದ್ದು? ಯಾರಿಗೂ ಗೊತ್ತಿಲ್ಲ. ಹತ್ತಕ್ಕೆ ಇಟ್ಟುಕೊಳ್ಳೋಣವೇ ಎಂದು ಕಮಿಟಿ ಗ್ರೂಪಿಗೆ ಬರೆದು ಹಾಕಿದ್ದೇನೆ. ಏಳು ಜನ ನೋಡಿದ್ದಾರೆ. ಉತ್ತರ ಒಂದೂ ಇಲ್ಲ.

ಫೋನ್ ಬಡಿದುಕೊಳ್ಳುತ್ತಿದೆ. ಮುರಳಿ. ಹತ್ತಕ್ಕೆ ಯಾಕೆ ಆಗದು ಎಂಬುದಕ್ಕೆ ಅವನ ಬಳಿ ಹನ್ನೆರಡು ಕಾರಣ ಇರುತ್ತವೆ. ಎತ್ತುತ್ತೇನೆ. ಅವನು ಪೂರ್ತಿ ಮುಗಿಸುವ ತನಕ ನಾನು ಬಾಯಿ ಬಿಡುವುದಿಲ್ಲ.