ಬಾನೆಟ್ಟಿನ ಮೇಲಿನ ಗುರುತು

ಮುತ್ತಿನಕೊಪ್ಪ

ಕೊಪ್ಪದ ಸುಂದರೇಶ್ ಅವರಿಗೆ ನಮಸ್ಕಾರ.

ನನ್ನ ತಮ್ಮ ರಾಕೇಶ ನನ್ನನ್ನು ಕೇಳದೆ ನಿಮ್ಮ ಸಂಗ್ರಹಕ್ಕೆ ಕೊಟ್ಟ ಹಳೇ ಆಟಿಕೆ ಜೀಪಿನ ಬಣ್ಣ ತೆಗೆಯಬೇಡಿ. ಹಸಿರಿನಡಿ ಹಳದಿ ಇದ್ದರೆ ಅದು ಅಪರೂಪದ ಮಾದರಿ, ಥಿನ್ನರ್ ಹಚ್ಚಿ ನೋಡುತ್ತೇನೆ ಎಂದಿರಂತೆ. ನೋಡುವುದೇ ಬೇಡ, ಹಳದಿಯೇ ಇತ್ತು. ನಮ್ಮ ದೊಡ್ಡ ಜೀಪಿಗೆ ಹೊಡೆದು ಉಳಿದ ಹಸಿರನ್ನು ಅದಕ್ಕೆ ಬಳಿದವಳು ನನ್ನ ಮಗಳು ನಿಶ್ಚಿತಾ. “ಒಣಗ್ತಾ ಅಮ್ಮ?” ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬಾನೆಟ್ಟಿನ ಮೇಲಿರುವುದು ಕಂಪನಿಯ ಅಚ್ಚಿನ ದೋಷವಲ್ಲ, ಅವಳ ಹೆಬ್ಬೆರಳಿನ ಗುರುತು. ಆ ಬೆರಳು ಅಷ್ಟಕ್ಕಿಂತ ದೊಡ್ಡದಾಗಲಿಲ್ಲ.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೀಪನ್ನು ಅವರಿಗೇ ಕೊಡಿ. ಬಸ್ಸು ತಿರುಗಿ ಬರುವವರೆಗೂ ನಾನು ಸ್ಟ್ಯಾಂಡಿನಲ್ಲೇ ಇರುತ್ತೇನೆ. ಥಿನ್ನರ್ ಹಚ್ಚಿಯಾಗಿದ್ದರೆ, ಒರೆಸಿದ ಬಟ್ಟೆಯನ್ನು ಎಸೆಯದೆ ಅದನ್ನೂ ಕಳಿಸಿ.

ಇಂತಿ,
ಮಾಲತಿ