ಒಂದು ಇಷ್ಟ, ಒಂದು ಕಷ್ಟ

ಹರಿಹರ
16-11-2025, ಭಾನುವಾರ

ಚಿ. ಕು. ವಾಣಿಗೆ,

ನಿನ್ನ ಸೋದರಮಾವ ಕೊಟ್ಟೂರೇಶಿ ಬರೆದು ತಿಳಿಸೋದು. ಮೊದಲು ಆಶೀರ್ವಾದ ತಗೋ, ಬೈಗುಳ ಆಮೇಲೆ ಬರ್ತೈತೆ. ಇಲ್ಲಿ ನಾನು, ನಿಮ್ಮ ಅತ್ತೆ ಗಟ್ಟಿಮುಟ್ಟಾಗಿದ್ದೀವಿ. ನೀನು ಸೊರಗಿದ್ದಿ ಅಂತ ಕುಕ್ಕುವಾಡದಿಂದ ನಿಮ್ಮವ್ವ ಫೋನ್ ಮಾಡಿ ಅತ್ತಳು. ಕಂಪ್ಯೂಟರ್ ಮುಂದೆ ಕುಂತೋರು ಸೊರಗದೆ ಪೈಲ್ವಾನರಾಗ್ತಾರೇನಕ್ಕಾ, ಅಂದೆ.

ನೀನು ಮೊಬೈಲಿನಾಗೆ ಕೇಳಿದ್ದಿ, "ಮಾವ, ಯಾಕೆ ಆಫೀಸಿಗೆ ಚಹಾ ತರ್ತಿಲ್ಲ? ಎಲ್ಲಾರೂ ಕೇಳ್ತಾರೆ. ಸೋಮವಾರದಿಂದ ಬರ್ತೀರೋ ಇಲ್ಲೋ?" ಅಂತ. ಉತ್ತರ ತಡ ಆತು, ಬ್ಯಾಸರ ಮಾಡ್ಕೋಬ್ಯಾಡ. ಆ ಸಣ್ಣ ಸಣ್ಣ ಅಕ್ಷರ ಒತ್ತಾಕೆ ನನ್ನ ಬೆರಳು ಬಗ್ಗಲ್ಲ. ಮಾತಾಡಾಣ ಅಂದ್ರೆ ನೀನು ಯಾವಾಗ್ಲೂ ಮೀಟಿಂಗು. ಕಾಗದ ಆದ್ರೆ ತನ್ನ ಪಾಡಿಗೆ ಬಿದ್ದಿರ್ತೈತೆ. ಏಳನೇ ಕ್ಲಾಸಿನಾಗೆ ಮೇಷ್ಟ್ರು ನನ್ನ ಬರವಣಿಗೆನ ಇಡೀ ಶಾಲೆಗೆ ಎತ್ತಿ ತೋರಿಸಿದ್ರು. ಯಾಕೆ ತೋರಿಸಿದ್ರು ಅಂತ ಮಾತ್ರ ನಿಮ್ಮವ್ವನ್ನ ಕೇಳಬ್ಯಾಡ.

ಆ ಕಂಪನಿ ವಿಷಯ ನನಗೆ ಯಾರೂ ಹೇಳೋದು ಬ್ಯಾಡ. ನಿನಗಿಂತ ಮೊದಲು ಅಲ್ಲಿ ಕಾಲಿಟ್ಟೋನು ನಾನು. ದಾವಣಗೆರೆಯಾಗೆ ಅದು ಶುರುವಾದ ದಿನ ಬಾಗಿಲಿಗೆ ಕುಂಬಳಕಾಯಿ ಒಡೆದೋನು ನಾನು. ಮ್ಯಾನೇಜರ್ ಮಾಲತೇಶ್ ಒಡೆಯಾಕೆ ಹೋಗಿ ಕಾಲ ಮೇಲೆ ಕೆಡವಿಕೊಂಡಿದ್ದ. ಕೆಲಸ ಖಾಲಿ ಐತೆ, ಅರ್ಜಿ ಹಾಕು ಅಂತ ನಿನಗೆ ಹೇಳಿದೋನೂ ನಾನೇ. ಹರಿಹರದ ಅಂಗಡಿಯಿಂದ ದಿನಾ ಹೊತ್ತೊಯ್ದ ನನ್ನ ಚಹಾ, ನನ್ನ ಮಂಡಕ್ಕಿ-ಮಿರ್ಚಿ ಇಲ್ಲದಿದ್ರೆ ಆ ಕಂಪನಿ ಒಂದು ತಿಂಗಳಿಗೇ ಬಾಗಿಲು ಹಾಕ್ಕೊಂಡು ಹೋಗ್ತಿತ್ತು.

ಅದೇನು ಕೆಲಸ ಅಂತ ಮಾಡ್ತೀರೋ! ಯಾವುದೋ ದೇಶದ ರಸ್ತೆಯ ಫೋಟೋ ಮುಂದಿಟ್ಕೊಂಡು ಇದು ಕಾರು, ಇದು ನಾಯಿ, ಇದು ಮನುಷ್ಯ ಅಂತ ಗೆರೆ ಎಳೆದು ಚೌಕ ಹಾಕೋದು. ಯಂತ್ರಕ್ಕೆ ಪಾಠ ಅಂತೆ. ನಮ್ಮ ಎಮ್ಮೆಗೆ ಯಾವ ಚೌಕಾನೂ ಹಾಕಿ ತೋರಿಸಿಲ್ಲ, ನಾಯಿ ಯಾವುದು ಮನುಷ್ಯ ಯಾವುದು ಅದಕ್ಕೆ ಗೊತ್ತು. ನಿನ್ನ ಪಕ್ಕದ ಕುರ್ಚಿಯ ಇರಮ್ ಒಂದಿನ ಬಂದು, "ಚಾಚಾ, ಬೆಳಿಗ್ಗಿಂದ ಬರೀ ಕಸದ ಡಬ್ಬಿಗೆ ಚೌಕ ಹಾಕಿದೀನಿ. ಕಣ್ಣು ಮುಚ್ಚಿದ್ರೂ ಡಬ್ಬಿನೇ ಕಾಣ್ತೈತೆ" ಅಂದ್ಲು. "ಹಂಗೇ ತಿರುಗಿ ನಿಮ್ಮ ಮ್ಯಾನೇಜರ್‌ಗೂ ಒಂದು ಚೌಕ ಹಾಕಿಬಿಡು ತಾಯಿ" ಅಂದೆ. ಕುಡಿದ ಚಹಾ ಮೂಗಿಗೆ ಹತ್ತಿತು ಆ ಹುಡುಗಿಗೆ.

ನಿಮ್ಮೋರಿಗೆ ಏನು ಹಿಡಿಸ್ತೈತೆ, ಏನು ಹಿಡಿಸಲ್ಲ ಅಂತ ನನಗಿಂತ ಯಾರಿಗೆ ಗೊತ್ತು? ನಾಲಿಗೆ ಸಡಿಲ ಆಗೋದು ಚಹಾದ ಹತ್ರಾನೇ. ಹದಡಿ ಊರಿನ ಪರಶುರಾಮ್‌ಗೆ ಏಸಿ ಇಷ್ಟ. ಅವನ ಮನೆ ತಗಡಿಂದು, ಬೇಸಿಗೆಯಾಗೆ ರಜಾ ಕೊಟ್ರೂ ಬಂದು ಕುಂದರ್ತಾನೆ. ಇರಮ್‌ಗೆ ಪಗಾರ ತಪ್ಪದೆ ಬರೋದು ಇಷ್ಟ, ದೂರದ ಊರಿಗೆ ಹೋಗದೆ ಅಮ್ಮಿ ಕೈಯೂಟ ಉಣ್ಣೋದು ಇಷ್ಟ. ನಿನಗೆ ಕುತ್ತಿಗೆಯಾಗೆ ಜೋತಾಡೋ ಆ ಕಾರ್ಡು ಇಷ್ಟ, ಊರಿಗೆ ಬಂದ್ರೂ ತೆಗೆಯಲ್ಲ ಅಂತೆ. ಇರಲಿ, ಒಳ್ಳೇದನ್ನ ಒಳ್ಳೇದು ಅನ್ನಬೇಕು.

ಆದ್ರೆ ಕೈ ಒಂದು ಗಳಿಗೆ ನಿಂತ್ರೆ ಕಂಪ್ಯೂಟರೇ ಚಾಡಿ ಹೇಳ್ತೈತಲ್ಲ, ಅದನ್ನ ಏನನ್ನಬೇಕು? ಒಂದಕ್ಕೆ ಹೋಗಾಕೂ ಗುಂಡಿ ಒತ್ತಿ ಹೋಗಬೇಕು, ಬಂದು ಮತ್ತೆ ಒತ್ತಬೇಕು. ಎತ್ತು ಉಚ್ಚೆ ಹೊಯ್ಯಾಕೆ ನಿಂತ್ರೆ ರೈತ ನೇಗಿಲು ಹಿಡ್ಕೊಂಡು ಸುಮ್ಮನೆ ನಿಂದರ್ತಾನೆ. ಎತ್ತಿಗಿರೋ ಮರ್ಯಾದೆ ಡಿಗ್ರಿ ಮಾಡಿದೋರಿಗಿಲ್ಲ. ಮ್ಯಾಲೆ ಆ ಮಾಲತೇಶ್, "ನನ್ನ ಸರ್ ಅನ್ನಬ್ಯಾಡ್ರಿ, ಹೆಸರು ಹಿಡಿದು ಕರೀರಿ, ನಾವೆಲ್ಲ ಒಂದೇ ಕುಟುಂಬ" ಅಂತಾನೆ. ಪರಶುರಾಮ್ ಪಾಪ ನಂಬಿ ಹಂಗೇ ಕರೆದ. ಆವಯ್ಯನ ಮುಖ ಹುಳಿ ಮಜ್ಜಿಗೆ ಕುಡಿದಂಗಾತು.

ಎಲ್ಲಕ್ಕಿಂತ ದೊಡ್ಡ ನಾಟಕ ಶುಕ್ರವಾರದ್ದು. ಎಲ್ಲಾರನ್ನೂ ಸುತ್ತ ನಿಲ್ಲಿಸಿ ಒಂದು ರಬ್ಬರ್ ಚೆಂಡು ಕೊಡ್ತಾರೆ. ಚೆಂಡು ಬಂದೋರು ಕಂಪನಿಯಾಗೆ ಒಂದು ಇಷ್ಟ, ಒಂದು ಕಷ್ಟ ಹೇಳಿ ಮುಂದಿನೋರಿಗೆ ಎಸೀಬೇಕು. "ಮನಸ್ಸು ಬಿಚ್ಚಿ ಹೇಳ್ರಿ" ಅಂತಾಳೆ ಎಚ್‌ಆರ್ ಪ್ರೇಮಲತಾ. ಯಾರು ಬಿಚ್ತಾರೆ? ಗುಂಡಿ ವಿಷಯ ಎತ್ತಿದೋನು ಮುಂದಿನ ತಿಂಗಳು ಇರಲ್ಲ. ಅದಕ್ಕೆ ಎಲ್ಲಾರೂ ಕಚ್ಚದಂಥ ಕಷ್ಟ ಹುಡುಕ್ತಾರೆ. "ಭಾನುವಾರ ಆಫೀಸ್ ಇರಲ್ಲ, ಅದೇ ನನಗೆ ಕಷ್ಟ" ಅಂತ ಒಬ್ಬ ಅಂದ, ಅವನಿಗೆ ಚಪ್ಪಾಳೆ! ಥೂ. ನಮ್ಮ ಕಡೆ ಕಟ್ಟೆ ಮ್ಯಾಲೆ ಕುಂತೋರೂ ಸುಳ್ಳು ಹೇಳ್ತಾರೆ, ಆದ್ರೆ ಚೆಂಡು ಹಿಡ್ಕೊಂಡು ಹೇಳಲ್ಲ.

ಅಂಥ ಒಂದು ಶುಕ್ರವಾರದ ಮಾರನೇ ದಿನ ಪ್ರೇಮಲತಾ ಕರೆದು ನನ್ನ ಕೈಗೊಂದು ನೀಲಿ ಟೋಪಿ ಕೊಟ್ಲು. "ಅಂಕಲ್, ಇನ್ನು ಮ್ಯಾಲೆ ಇದನ್ನ ಹಾಕ್ಕೊಂಡು ಚಹಾ ಕೊಡ್ರಿ. ಯಾರನ್ನೂ ಲೇ, ಏನವ್ವಾ, ಮಗಳೇ ಅಂತ ಮಾತಾಡಿಸಬ್ಯಾಡ್ರಿ. ಸರ್, ಮೇಡಂ ಅನ್ರಿ. ಫೀಡ್‌ಬ್ಯಾಕ್ ಬಂದೈತೆ."

"ಒಂದೇ ಕುಟುಂಬ ಅಂದ್ರಲ್ಲವ್ವಾ, ಮನ್ಯಾಗೆ ಯಾರು ಮೇಡಂ?" ಅಂತ ಕೇಳಿದೆ. ಟೋಪಿ ಮನೆಗೆ ತಂದು ಎಮ್ಮೆ ಕೊಂಬಿಗೆ ಸಿಗಿಸಿದೆ. ಅದೂ ಒಪ್ಪಲಿಲ್ಲ, ಕೊಡವಿ ಸಗಣಿಗೆ ಹಾಕ್ತು. ಅವತ್ತಿಂದ ನಾನು ಆ ಮೆಟ್ಟಿಲು ಹತ್ತಿಲ್ಲ. ಈಗ ಅಲ್ಲಿ ಮಷಿನ್ ಇಟ್ಟಾರಂತೆ, ಗುಂಡಿ ಒತ್ತಿದ್ರೆ ಪಾತ್ರೆ ತೊಳೆದ ನೀರು ಬರ್ತೈತಂತೆ. ಕುಡೀಲಿ. ಇಲ್ಲಿ ನನ್ನ ಅಂಗಡಿ ಮುಂದೆ ಲಾರಿ ನಿಲ್ಲಿಸಿ ಕುಡಿಯೋರಿದ್ದಾರೆ. ನಾನು ಬಿಟ್ಟಿದ್ದಕ್ಕೆ ಆ ಟೋಪಿನೇ ಕಾರಣ, ಬೇರೇನೂ ಇಲ್ಲ.

ನೀನು ಮಾತ್ರ ಸಿಟ್ಟಿಗೆದ್ದು ಕೆಲಸ ಬಿಡಬ್ಯಾಡ. ಪಗಾರ ತಗೋ, ಅವರ ಮಾತು ತಗೋಬ್ಯಾಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಣ್ಣು ತಂಪಾಗಿರಲಿ, ಕತ್ತು ನೆಟ್ಟಗಿರಲಿ, ನಿನ್ನ ಕೈ ಯಾವತ್ತೂ ಇನ್ನೊಬ್ಬರ ಮುಂದೆ ಚಾಚದಿರಲಿ.

ಇಂತಿ,
ನಿನ್ನ ಮಾವ
ಕೊಟ್ಟೂರೇಶಿ

ವಿ.ಸೂ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಟೋಪಿ ದೊಡ್ಡದಲ್ಲ ವಾಣಿ. ಆ ಶುಕ್ರವಾರ ನಾನು ಗಾಜಿನ ಆಚೆ ಫ್ಲಾಸ್ಕ್ ತೊಳೀತಿದ್ದೆ, ಬಾಗಿಲು ತೆರೆದೇ ಇತ್ತು. ಚೆಂಡು ನಿನ್ನ ಕೈಗೆ ಬಂತು. "ನಮ್ಮ ಟೀಮ್ ಇಷ್ಟ. ಚಹಾ ಕೊಡೋರು ಎಲ್ಲಾರನ್ನೂ ಮನೆ ಮಕ್ಕಳ ಥರ ಮಾತಾಡಿಸ್ತಾರೆ, ಅದು ಕಷ್ಟ" ಅಂದಿ. ಎಲ್ಲಾರೂ ನಕ್ಕರು. ಅದನ್ನೂ ನುಂಗಿದೆ. ಕಚ್ಚದಂಥ ಕಷ್ಟ ಬೇಕಿತ್ತು, ನಾನು ಸಿಕ್ಕೆ, ಅಷ್ಟೇ ಅಂದ್ಕೊಂಡೆ. ಆಮೇಲೆ ಇರಮ್ ನಿನ್ನ ಕೇಳಿದ್ಲು, "ಹೌದೇ, ನಿನ್ನ ಕಪ್ಪಿಗೆ ಮಾತ್ರ ಶುಂಠಿ ಜಾಸ್ತಿ ಹಾಕ್ತಾರಲ್ಲ, ಅವರು ನಿನಗೆ ಏನಾಗಬೇಕು?" ಅಂತ.

"ಏನೂ ಆಗಬೇಕಿಲ್ಲ, ನಮ್ಮೂರ ಕಡೆಯೋರು" ಅಂದಿ.

ನಿನಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆನೇ ಆಗಬೇಕು ಅಂತ ನಿಮ್ಮವ್ವ ನನ್ನ ಹುಡುಕಿ ತಂದು ಕೂಡ್ರಿಸಿದ್ಲು. ಚುಚ್ಚಿದ ಕೂಡ್ಲೇ ನೀನು ನನ್ನ ಅಂಗಿ ಕಚ್ಚಿ ಹಿಡಿದೋಳು ಸಂಜೆತನಕ ಬಿಡಲಿಲ್ಲ. ಇವನು ಈ ಕೂಸಿಗೆ ಏನಾಗಬೇಕು ಅಂತ ಅವತ್ತು ಯಾರೂ ಕೇಳಲಿಲ್ಲ.

ಸೋಮವಾರ ನಾನು ಬರಲ್ಲ. ನೀನೇ ಯಾವಾಗಾದ್ರೂ ಹರಿಹರಕ್ಕೆ ಬಂದಾಗ ಅಂಗಡಿ ಕಡೆ ಬಾ. ಬೆಂಚಿನ ಮ್ಯಾಲೆ ಕುಂತೋರು ಯಾರು ಈ ಹುಡುಗಿ ಅಂತ ಕೇಳೇ ಕೇಳ್ತಾರೆ. ನೀನು ಬಾಯಿ ಬಿಡೋದು ಬ್ಯಾಡ. ನಮ್ಮಕ್ಕನ ಮಗಳು ಅಂತ ನಾನೇ ಹೇಳ್ತೀನಿ.